ಕ್ಲಾಸೆಟ್ಟಿನ ದೇವರು ಕಿಟಕಿಗೆ ಬಂದದ್ದು

ಮಿಲ್ಪಿಟಾಸ್ ಊರಿನ ನಮ್ಮ ಹಳೆಯ ಮನೆಯಲ್ಲಿ ದೇವರಿಗೆ ಸಿಕ್ಕಿದ್ದು ಕೋಟು ತೂಗುಹಾಕುವ ಕಿಟಕಿಯಿಲ್ಲದ ಪುಟ್ಟ ಗೂಡು, ಕ್ಲಾಸೆಟ್ಟು. ಕಿಟಕಿಯಿದ್ದ ಕೋಣೆ ನಮ್ಮ ಯಜಮಾನರ ಆಫೀಸಿಗೆ. ಒಂದು ಶುಕ್ರವಾರ, ಅವರೇ ಜೋತು ಬೀಳುವಂತೆ ಕಟ್ಟಿದ್ದ ಪ್ಲಾಸ್ಟಿಕ್ ಮಾವಿನ ತೋರಣಕ್ಕೆ ದೀಪ ತಗುಲಿತು. ಕ್ಲಾಸೆಟ್ಟು ಸುಟ್ಟಿತು, ಬೆನ್ನಿಗಿದ್ದ ಅಡುಗೆಮನೆಯ ಗೋಡೆಯೂ ಕರಕಲಾಯಿತು. ಮನುಷ್ಯರಿಗೇನೂ ಆಗಲಿಲ್ಲ, ಬೆಳ್ಳಿ ಗಣಪತಿಗೆ ಮಸಿ ಹತ್ತಿತು ಅಷ್ಟೇ. ಕೈ ಮುಗಿದೆ.

ದೇವರನ್ನು ಗ್ಯಾರೇಜಿನ ವಾಷಿಂಗ್ ಮಷೀನಿನ ಮೇಲೆ ಕೂರಿಸಿದೆ. ಗೌರಿಹಬ್ಬದ ಹೊತ್ತಿಗೆ ಮನೆಯೊಳಗೆ ಕರೆತರಬೇಕು ಎನ್ನುವುದೊಂದೇ ನನ್ನ ಚಿಂತೆ.

ರಿಪೇರಿಗೆಂದು ಗೋಡೆ ಬಿಚ್ಚಿದಾಗ ನಗರದ ಕಟ್ಟಡ ಇನ್‌ಸ್ಪೆಕ್ಟರು ಬಂದರು. ಒಳಗಿನ ವೈರಿಂಗು ಹಳೆಯದು, ಈಗಿನ ನಿಯಮದಂತೆ ಬದಲಿಸದೆ ಗೋಡೆ ಮುಚ್ಚುವಂತಿಲ್ಲ ಎಂದರು. ಇನ್ಶೂರೆನ್ಸಿನವನೋ, ಬಲು ನಯವಾಗಿ, ಮೊದಲು ಹೇಗಿತ್ತೋ ಹಾಗೆ ಕಟ್ಟಿಕೊಡುತ್ತೇವೆ, ಹೊಸ ನಿಯಮದ ಖರ್ಚಿಗೆ ಬೇರೆ ಕವರೇಜು ಇರಬೇಕಿತ್ತು ಎಂದ. ಇವನು ಕೊಡುವ ಗೋಡೆಯನ್ನು ಅವರು ಒಪ್ಪುವುದಿಲ್ಲ, ಅವರು ಒಪ್ಪುವ ಗೋಡೆಯನ್ನು ಇವನು ಕೊಡುವುದಿಲ್ಲ. ಇದಕ್ಕೆ ನಾವು ವರ್ಷವರ್ಷ ಪ್ರೀಮಿಯಮ್ಮು ಕಟ್ಟಿದ್ದೆವು.

"ಆ ಕವರೇಜು ಇತ್ತಲ್ಲರೀ?" ಎಂದೆ.

"ಇತ್ತು. ಗಟ್ಟಿ ಮನೆ, ಯಾಕೆ ಸುಮ್ನೆ ದಂಡ ಅಂತ ರಿನ್ಯೂ ಮಾಡುವಾಗ ತೆಗೆಸ್ಬಿಟ್ಟೆ."

"ನಿಮ್ಮ ಸೈಕಲ್ಲಿನದು ತೆಗೆಸ್ಲಿಲ್ವಾ?"

"ಅದು ಕಾರ್ಬನ್ ಫೈಬರ್ ಕಣೇ!"

"ಹೌದು ಬಿಡಿ. ದೇವರು ಬರೀ ಬೆಳ್ಳಿ."

ಎರಡು ದಿನ ಬಿಟ್ಟು ಯಜಮಾನರು ಸೈಕಲ್ಲು ಮಾರಿದರು, ಆ ದುಡ್ಡಿಗೆ ವೈರಿಂಗು ಬಂತು. ಅವರ ಮೊಣಕಾಲುಗಳೂ ಉಳಿದವು, ಅದೂ ದೇವರ ದಯೆಯೇ.

ಹಬ್ಬದ ಹಿಂದಿನ ದಿನ ಇನ್‌ಸ್ಪೆಕ್ಟರು ಗೋಡೆಯನ್ನು ಒಪ್ಪಿಕೊಂಡರು. ಹೊರಡುವಾಗ ವಾಷಿಂಗ್ ಮಷೀನಿನ ಮೇಲಿನ ದೀಪ ಕಂಡು, ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಕ್ಲಾಸೆಟ್ಟು ತೋರಿಸಿದೆ. ಉರಿಯುವ ದೀಪವನ್ನು ಮತ್ತೆ ಅದೇ ಗೂಡಿನೊಳಗೆ ಇಡುತ್ತೀರಾ ಎಂದು ತಲೆ ಅಲ್ಲಾಡಿಸಿದರು.

ಅವರ ಕಾರು ತಿರುಗುವ ಮೊದಲೇ ಯಜಮಾನರು, "ಕೇಳಿಸ್ತಾ? ಕ್ಲಾಸೆಟ್ಟಲ್ಲಿ ಬೇಡವಂತೆ. ದೇವರು ಗ್ಯಾರೇಜಲ್ಲೇ ಇರ್ಲಿ ಬಿಡು," ಎಂದರು.

"ಬೇಡ ಅಂದಿದ್ದು ದೀಪಕ್ಕೆ ತಾನೇ? ನಿಮ್ಮ ಲ್ಯಾಪ್‌ಟಾಪಿಗೆ ಅಲ್ವಲ್ಲ?"

ಹಬ್ಬದ ದಿನ ಗೌರಮ್ಮ ಗಣಪತಿಯೊಂದಿಗೆ ಕಿಟಕಿಯಿರುವ ಕೋಣೆಯಲ್ಲಿ ಕುಳಿತಳು, ಪ್ಲಾಸ್ಟಿಕ್ ತೋರಣವಿಲ್ಲದೆ. ಯಜಮಾನರ ಮೀಟಿಂಗುಗಳೆಲ್ಲ ಈಗ ಕ್ಲಾಸೆಟ್ಟಿನಲ್ಲಿ. ವೈರಿಂಗು ಹೊಸದು, ಪ್ಲಗ್ ಪಾಯಿಂಟಿಗೆ ಕೊರತೆಯಿಲ್ಲ. ಬಾಗಿಲು ಹಾಕಿಕೊಂಡರೆ ಅವರ ದನಿ ನನ್ನ ಪೂಜೆಗೆ ಕೇಳಿಸುವುದೂ ಇಲ್ಲ. ಭಗವಂತ ದೊಡ್ಡವನು.