‘ಬಘೂ’ ಎಂಬ ಉತ್ತರ

ಪುಣೆಯಲ್ಲಿ ‘ಬಘೂ’ ಎಂದರೆ ‘ನೋಡೋಣ’. ನನ್ನ ಹೊಟ್ಟೆ ಇಷ್ಟು ಉರಿಸಿದ ಮಾತು ಇನ್ನೊಂದಿಲ್ಲ. ತಳೇಗಾಂವದ ಕಾರ್ಖಾನೆಯೊಂದರಲ್ಲಿ ನಾನು ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಆಗಿದ್ದೆ. ವಿಭಾಗ ಮುಚ್ಚುತ್ತಾರೆಂಬ ಗುಸುಗುಸು ಹಬ್ಬಿತ್ತು. ಮ್ಯಾನೇಜರು ಧಾರವಾಡದ ಕಡೆಯವರು, ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದರು. ಮುಚ್ಚುವುದು ನಿಜವೇ ಎಂದು ಕೇಳಿದಾಗ ಮಾತ್ರ ಮರಾಠಿಗೆ ಜಾರುತ್ತಿದ್ದರು: ಬಘೂ.

ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ ಉಣ್ಣುತ್ತಿದ್ದ ನನ್ನ ವಿಭಾಗದ ಹೆಂಗಸರು ಈಗ ಬೇರೆಬೇರೆ ಕೂತು ಉಣ್ಣತೊಡಗಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು.

ಅವರಲ್ಲಿ ಕನ್ನಡ ಬರುತ್ತಿದ್ದವಳು ಒಬ್ಬಳೇ; ಸೊಲ್ಲಾಪುರದ ಕಡೆಯವಳು, ಗಂಡನಿಲ್ಲ. ಲೋಣಾವಳಾದಿಂದ ಲೋಕಲ್ ಹಿಡಿದು ಬರುತ್ತಿದ್ದಳು. ಅಲ್ಲಿನ ಚಿಕ್ಕಿ ಅಂಗಡಿಯವರು ಅವಳನ್ನು ಕರೆದಿದ್ದರು. ಸಂಬಳ ಅರ್ಧ, ಆದರೆ ಖಾತ್ರಿ ಕೆಲಸ. ನಾಳೆಯೇ ಉತ್ತರ ಹೇಳಬೇಕಂತೆ. ನಲ್ಲಿಯ ಹತ್ತಿರ ನನ್ನನ್ನು ತಡೆದಳು.

“ಹೋಗ್ಲೋ ಬ್ಯಾಡೋ ಹೇಳ್ರಿ ಅಕ್ಕಾರ. ಎರಡೂ ಹೋದ್ರ ಮಕ್ಕಳ್ನ ಸಾಲಿ ಬಿಡಸಬೇಕಾಗ್ತದ.”

ನೇರ ಮ್ಯಾನೇಜರ ಕ್ಯಾಬಿನ್ನಿಗೆ ಹೋದೆ. ಅಂಗಲಾಚಿದೆ, ಜಗಳವಾಡಿದೆ, ಅತ್ತೂಬಿಟ್ಟೆ. ಕೊನೆಗೆ ಅವರು ಕನ್ನಡಕ ತೆಗೆದಿಟ್ಟು, “ನನಗೂ ಯಾರೂ ಏನೂ ಹೇಳಿಲ್ರಿ,” ಎಂದರು. ಹೆಡ್ ಆಫೀಸಿನಿಂದ ಅವರಿಗೂ ಬರುತ್ತಿದ್ದುದು ಅದೇ ಬಘೂ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಇಷ್ಟು ದಿನ ಅವರನ್ನು ಬೈದುಕೊಂಡಿದ್ದೆ. ಇಲ್ಲಿ ದೇವರೇ ಬಾಯಿ ಬಿಟ್ಟಿರಲಿಲ್ಲ. ಸಿಟ್ಟಿಳಿದು ಹೆದರಿಕೆ ಹತ್ತಿತು. ಗೊತ್ತಿಲ್ಲ ಎಂಬುದನ್ನಾದರೂ ಎಲ್ಲರ ಮುಂದೆ ಹೇಳಿಬಿಡಿ ಎಂದು ಬೇಡಿಕೊಂಡೆ. ಒಪ್ಪಿದರು.

ಕೆಲಸ ಶುರುವಾಗುವ ಮುಂಚೆ ಸುತ್ತಾಗಿ ನಿಂತು ಸುರಕ್ಷತೆಯ ಪ್ರತಿಜ್ಞೆ ಹೇಳುವುದು ನಮ್ಮಲ್ಲಿಯ ಪದ್ಧತಿ. ಮರುದಿನ ಬೆಳಿಗ್ಗೆ, ಎಂದೂ ಬಾರದ ಮ್ಯಾನೇಜರು ಬಂದು ನಮ್ಮ ನಡುವೆ ನಿಂತರು. ಪ್ರತಿಜ್ಞೆ ಮುಗಿದ ಮೇಲೆ, ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಸೊಲ್ಲಾಪುರದ ಆಕೆಯೇ ಮರಾಠಿಯಲ್ಲಿ ಕೇಳಿದಳು. ಅವರು ನನ್ನನ್ನು ನೋಡಿದರು.

“ಬಘೂ,” ಎಂದರು.

ಆಕೆ ನನ್ನ ಕಡೆ ತಿರುಗಿದಳು.

“ಯಾರಿಗೂ ಏನೂ ಗೊತ್ತಿಲ್ಲವ್ವಾ,” ಎಂದೆ. “ಇದನ್ನ ನಂಬಿ ಕೂಡಬ್ಯಾಡ. ನೀ ಹೋಗು.”

ಆಕೆ ತಲೆಯ ಟೊಪ್ಪಿಗೆ ತೆಗೆದು ನನ್ನ ಕೈಗಿತ್ತು ಬಾಗಿಲ ಕಡೆ ನಡೆದಳು. ಕನ್ನಡ ಬಾರದ ಉಳಿದವರು, ಅವಳಿಗೆ ಏನು ಹೇಳಿದಿರಿ ಎಂದು ಕೇಳಿದರು. ಮ್ಯಾನೇಜರು, ಬೇಡ ಎನ್ನುವಂತೆ ತಲೆಯಾಡಿಸಿದರು. ನನ್ನ ಕೆಲಸವೂ ಅಲ್ಲಿಗೆ ಹೋಯಿತೆಂದು ನನಗೆ ಗೊತ್ತಿತ್ತು.

ಅದನ್ನೇ ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿದೆ.