ಬರೀ ಕ್ವೆಶ್ಚನ್ ಮಾರ್ಕು

ಕೀಂ… ಕೀಂ… ಕೀಂ…

ಮೊನ್ನೆ ಕುಂದಾಪುರದ ಮೆಡಿಕಲ್ ಶಾಪಿನಲ್ಲಿ ಕಣ್ಣಿನ ಡ್ರಾಪ್ಸಿಗೆ ಕಾದು ನಿಂತಿದ್ದಾಗ ಕರೆಂಟ್ ಹೋಯಿತು. ಕೌಂಟರಿನ ಅಡಿಯಿಂದ ಯುಪಿಎಸ್ ಕೂಗತೊಡಗಿತು. ಅಂಗಡಿಯವರು ಕಾಲಿನಿಂದಲೇ ಅದರ ಗುಂಡಿ ಒತ್ತಿ ಬಾಯಿ ಮುಚ್ಚಿಸಿದರು. ನನಗೆ ಮಾತ್ರ ಆ ಸದ್ದು ನಿಲ್ಲಲಿಲ್ಲ. ಬೈಂದೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇದೇ ಸದ್ದು ಎದ್ದಾಗಲೆಲ್ಲ, ಹಿತ್ತಿಲ ಮೆಟ್ಟಿಲ ಮೇಲೆ ಮೀನಿನ ಬುಟ್ಟಿ ಇಳಿಸಿ ಕೂತವಳೊಬ್ಬಳು ಹೇಳುತ್ತಿದ್ದಳು: "ಟೀಚರಮ್ಮ, ನಿಮ್ಮ್ ಹಕ್ಕಿ ಕೂಗ್ತಿತ್ತ್. ಎಂತಾರೂ ತಿಂಬುಕೆ ಹಾಕಿ ಅದ್ಕೆ."

ಆ ಹಕ್ಕಿ ನಮ್ಮ ಯಜಮಾನರದ್ದು. ಬಸ್ ಸ್ಟ್ಯಾಂಡಿನ ಹತ್ತಿರ ಅವರು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಕ್ಲಾಸ್ ಮುಚ್ಚಿದ ಮೇಲೆ ಬಾಕಿ ಮೆಷಿನುಗಳೆಲ್ಲ ಗುಜರಿಗೆ ಹೋದವು. ಒಂದು ಬೂದು ಬಣ್ಣದ ಪೆಟ್ಟಿಗೆ ಮಾತ್ರ, ಕೂಗುವ ಯುಪಿಎಸ್ ಸಮೇತ, ಮನೆಗೆ ಬಂತು. ಅದನ್ನು ಸರ್ವರ್ ಎನ್ನುತ್ತಿದ್ದರು. ಅದರೊಳಗೆ ದೋಣಿಯವರಿಗಾಗಿ ಅವರೇ ಮಾಡಿದ ಒಂದು ವೆಬ್‌ಸೈಟ್ ಇತ್ತು. ಬಲೆ ತೇಲಿ ಹೋಯಿತೆಂದೋ, ಮಗುಚಿದ ದೋಣಿ ಸಿಕ್ಕಿತೆಂದೋ, ಹೋದವರು ಬಂದಿಲ್ಲವೆಂದೋ ಒಂದು ಬಂದರಿನವರು ಬರೆದರೆ ಇನ್ನೊಂದು ಬಂದರಿನವರು ಓದಬಹುದಿತ್ತು. ಬರೆಯುವವರ ಫೋನ್ ನಂಬರ್ ಕೇಳುವ ಕಾಲಂ ಅವರು ಇಟ್ಟಿರಲಿಲ್ಲ. ನಂಬರ್ ಕೇಳಿದರೆ ಪೊಲೀಸ್ ಕೇಸಾದೀತೆಂದು ಹೆದರಿ ಯಾರೂ ಬರೆಯುವುದಿಲ್ಲ ಎನ್ನುತ್ತಿದ್ದರು. ಆಮೇಲೆ ವಾಟ್ಸಾಪ್ ಬಂತು, ಸೈಟಿನ ಕಡೆ ಯಾರೂ ತಲೆ ಹಾಕಲಿಲ್ಲ. ಆದರೂ ಅವರು ಸ್ವಿಚ್ ಆಫ್ ಮಾಡಲಿಲ್ಲ. "ಯಾರಾದ್ರೂ ಬರದ್ರೆ?" ಎನ್ನುತ್ತಿದ್ದರು.

ಮೀನಿನವಳು ಕಡಲ ಬದಿಯ ಕೇರಿಯಿಂದ ಬರುತ್ತಿದ್ದಳು. ನಡಿಗೆ ಜೋರು, ಮಾತು ಅದಕ್ಕಿಂತ ಜೋರು. ನಾನು ಕಾನ್ವೆಂಟಿನಲ್ಲಿ ಓದಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಗ್ರಾಮರ್ ಕಲಿಸಿದವಳು. ರೇಟು ಕೇಳಿದರೆ ಸಾಕು, "ಚೌಕಾಸಿ ಮಾಡುದಾರೆ ಇಂಗ್ಲೀಷಂಗ್ ಮಾಡಿ ಟೀಚರಮ್ಮ, ನಂಗ್ ಅರ್ಥ ಆಪ್ದಿಲ್ಲೆ, ಬೇಜಾರೂ ಆಪ್ದಿಲ್ಲೆ" ಎಂದು ನಗುತ್ತಿದ್ದಳು. ಗಂಡನ ಮೇಲೆ ಅವಳದ್ದು ಒಂದೇ ಕಂಪ್ಲೇಂಟ್. ಹೆಸರು ಹೇಳದೆ, "ನಮ್ಮನಿ ಅವ್ರ್" ಎಂದೇ ಶುರು ಮಾಡುತ್ತಿದ್ದಳು. "ನಮ್ಮನಿ ಅವ್ರ್ ಬಾಯಿ ಬಿಟ್ರೆ ಪ್ರಶ್ನೆಯೇ. ಕೋಳಿ ಮುಚ್ಚಿದ್ಯಾ, ಬಾಗ್ಲ್ ಹಾಕ್ದ್ಯಾ, ಹೆಣ್ಣ್ ಉಂಡಿತಾ… ದೋಣಿ ಹತ್ವರಿಗೂ ಕೇಂತ್ರ್. ಸಮುದ್ರಕ್ಕೂ ಕೇಂತ್ರೋ ಏನೋ!" ಹೆಣ್ಣೆಂದರೆ ಅವರ ಮಗಳು.

ಆ ವರ್ಷ ಮಳೆಗಾಲ ಮುಗಿದು ಕಡಲಿಗೆ ಇಳಿದ ಹೊಸತರಲ್ಲಿ ಅವರ ದೋಣಿ ಮಗುಚಿತು. ಜೊತೆಗಿದ್ದವರು ಈಜಿ ದಡ ಸೇರಿದರು. ಅವಳ ಗಂಡ ಬರಲಿಲ್ಲ. ಹುಡುಕಿದರು, ಇನ್ನೊಮ್ಮೆ ಹುಡುಕಿದರು… ಹೆಣವೂ ಸಿಗಲಿಲ್ಲ.

ಯಜಮಾನರು ಅವಳಿಂದ ಮದುವೆಯ ಫೋಟೋ ಇಸಿದುಕೊಂಡು, ಅದರಲ್ಲಿ ಅವನೊಬ್ಬನನ್ನೇ ಕತ್ತರಿಸಿ ಸೈಟಿಗೆ ಹಾಕಿದರು. ಕಂಡವರು, ಕೇಳಿದವರು ಇಲ್ಲಿ ಬರೆಯಿರಿ ಎಂದು ಕೆಳಗೆ ತಮ್ಮ ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದರು. ಅಲ್ಲಿಂದ ಮುಂದೆ ಅವಳು ಮೀನು ಕೊಟ್ಟಾದ ಮೇಲೆ ಕೈ ತೊಳೆದು, ಸೆರಗಿಗೆ ಒರೆಸಿ, ಕೋಣೆಯ ಹೊಸ್ತಿಲಿನವರೆಗೆ ಬಂದು ನಿಲ್ಲುತ್ತಿದ್ದಳು. "ಒಡೇರೆ, ಎಂತಾರೂ ಬರ್ದಿದ್ರಾ?" ಅವರು ತಲೆ ಅಲ್ಲಾಡಿಸುತ್ತಿದ್ದರು. ಅವಳು ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಯಜಮಾನರು ಹೋಗಿಬಿಟ್ಟರು. ಹಾರ್ಟ್. ನನ್ನ ಪಾಲಿಗೆ ಉಳಿದದ್ದು ಆ ಬೂದು ಪೆಟ್ಟಿಗೆ.

ಹದಿಮೂರನೆಯ ದಿನದ ಕಾರ್ಯ ಮುಗಿದು ಮನೆ ಖಾಲಿಯಾದ ಮೇಲೆ ಅವಳು ಬಂದಳು. ಮೊದಲು ನನ್ನ ಜೊತೆ ಕೂತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಕೋಣೆಯ ಕಡೆ ನೋಡಿ, "ನೀವ್ ಕಾಂತ್ರ್ಯಾ ಒಂಚೂರ್?" ಎಂದು ಪೇಜ್ ನೋಡಲು ಕೇಳಿದಳು. ಅವಳ ಮನೆಯಲ್ಲಿ ಏನಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಅತ್ತೆ ಹಾಸಿಗೆ ಹಿಡಿದಿದ್ದರು. ಮಗನ ಬೊಜ್ಜ ಮಾಡಿ ಮುಗಿಸಿ, ಅವನ ಜೀವ ನೀರಿನ ಮೇಲೆಯೇ ಅಲೆಯುವುದು ಬೇಡ, ಉತ್ತರಕ್ರಿಯೆ ನೋಡಿಯೇ ನಾನು ಕಣ್ಣು ಮುಚ್ಚುತ್ತೇನೆ ಎಂದು ದಿನಾ ಅಳುತ್ತಿದ್ದರು. ಬೊಜ್ಜ ಮಾಡಿದರೆ, ಬದುಕಿರಬಹುದಾದ ಗಂಡನನ್ನು ತಾನೇ ಸಾಯಿಸಿದ ಹಾಗೆ ಎಂದು ಇವಳು. ಹಣೆಯ ಕುಂಕುಮ, ಕೈಬಳೆ ಎಲ್ಲ ಆ ಒಂದು ಸುದ್ದಿಗೆ ನೇತುಕೊಂಡಿದ್ದವು.

ನಾನು ಪೇಜ್ ತೆರೆದೆ. ಫೋಟೋ ಇಲ್ಲ, ಏನೂ ಇಲ್ಲ. ಬಿಳಿ ಸ್ಕ್ರೀನಿನ ಮೇಲೆ ಒಂದೇ ಸಾಲು: ಎರರ್ ಎಸ್ಟಾಬ್ಲಿಶಿಂಗ್ ಎ ಡೇಟಾಬೇಸ್ ಕನೆಕ್ಷನ್.

ಕಂಪ್ಯೂಟರಿನ ವಿದ್ಯೆ ನನಗೇನೂ ಇರಲಿಲ್ಲ. ಆದರೆ ಎರರ್ ಮೆಸೇಜುಗಳು ಒಳ್ಳೆಯ ಇಂಗ್ಲಿಷಿನಲ್ಲಿದ್ದವು. ವಾಕ್ಯವನ್ನು ಪೂರ್ತಿ ಓದದೆ ಉತ್ತರ ಬರೆಯಬಾರದು ಎಂದು ಕಾನ್ವೆಂಟಿನ ಸಿಸ್ಟರ್ ಕೈಗಂಟಿಗೆ ಹೊಡೆದು ಕಲಿಸಿದ್ದರಲ್ಲ… ಹಾಗೆಯೇ ಓದುತ್ತ ಹೋದೆ. ಒಂದು ಮೆಸೇಜ್ ಡಿಸ್ಕ್ ಫುಲ್ ಎಂದಿತು. ಹಳೆಯ ಪರೀಕ್ಷೆಯ ಫೈಲುಗಳು, ಕ್ಲಾಸಿನ ಮಕ್ಕಳ ಫೋಟೋಗಳು, ಎಲ್ಲ ಅಳಿಸಿ ಜಾಗ ಮಾಡಿದೆ. ಡೇಟಾಬೇಸ್ ಎದ್ದಿತು, ಎದ್ದು ಮತ್ತೆ ಬಿತ್ತು. ಬರಹಗಳನ್ನಿಟ್ಟ ಟೇಬಲ್ ಕ್ರ್ಯಾಶ್ ಆಗಿದೆ, ರಿಪೇರಿ ಮಾಡಬೇಕು ಎಂದಿತು. ಹೇಗೆ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ, ರಿಪೇರ್ ಟೇಬಲ್ ಎಂದು ಟೈಪ್ ಮಾಡಿ, ಎಂಟರ್ ಒತ್ತಿ, ಜಪಮಣಿ ಹಿಡಿದವಳ ಹಾಗೆ ಕೂತೆ. ಓಕೆ ಎಂದು ಬಂತು. ಅಷ್ಟು ಚಿಕ್ಕ ಪದಕ್ಕೆ ನಾನು ಜೀವಮಾನದಲ್ಲಿ ಅಷ್ಟು ಖುಷಿಪಟ್ಟಿರಲಿಲ್ಲ.

ಮರುದಿನ ಅವಳನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿದೆ. ಪೇಜ್ ತೆರೆಯಿತು. ಗಂಡನ ಫೋಟೋ ಬಂತು. ಅದರ ಕೆಳಗೆ, ಯಜಮಾನರು ತೀರಿಕೊಂಡ ವಾರದಲ್ಲೇ ಯಾರೋ ಬರೆದಿದ್ದರು.

????? ??? ????????. ??? ?????? ????.

ಹೆಸರಿನ ಜಾಗದಲ್ಲೂ ಅದೇ. ಬರೀ ಕ್ವೆಶ್ಚನ್ ಮಾರ್ಕು.

ಅವಳು ಸ್ಕ್ರೀನಿನ ಹತ್ತಿರ ಮುಖ ತಂದು ನೋಡಿದಳು. ನಾಲ್ಕನೆಯ ಕ್ಲಾಸಿನವರೆಗೆ ಶಾಲೆಗೆ ಹೋದವಳು, ಆ ಚಿಹ್ನೆ ಅವಳಿಗೆ ಗೊತ್ತಿತ್ತು. ಅವಳ ಮುಖ ನಿಧಾನಕ್ಕೆ ಅರಳಿದ್ದನ್ನು ನಾನು ಇವತ್ತಿಗೂ…

"ಟೀಚರಮ್ಮ, ಇದ್ ಅವ್ರೇ. ಇಷ್ಟೆಲ್ಲ ಪ್ರಶ್ನೆ ಮತ್ತ್ಯಾರ್ ಕೇಂತ್ರ್?"

ಒಳಗೆ ಎಲ್ಲೋ ಅಕ್ಷರ ಇದೆ, ಹೊರಗೆ ಕಾಣುತ್ತಿಲ್ಲ, ಅಷ್ಟೆ ಎಂದುಕೊಂಡೆ. ಯಜಮಾನರ ಹಳೆಯ ಸ್ಟೂಡೆಂಟ್ ಒಬ್ಬಳು ಬ್ರಹ್ಮಾವರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಳು. ಫೋನ್ ಮಾಡಿದೆ. ಬಸ್ಸು ಹತ್ತಿ ಬಂದಳು. ಮೆಷಿನಿನ ಮುಂದೆ ಮಧ್ಯಾಹ್ನದವರೆಗೆ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು ಹೇಳಿದಳು:

"ಒಳ್ಗೂ ಅದೇ ಇತ್ತ್ ಮ್ಯಾಡಮ್. ಹಿಂದೆ ಎಂತದೂ ಇಲ್ಲೆ."

ಅವಳು ವಿವರಿಸಿದ್ದು ನನಗೆ ಅರ್ಥವಾದ ಮಟ್ಟಿಗೆ ಹೀಗೆ. ಸೈಟ್ ಮಾಡಿದ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡವೆಂದರೆ ವೇಷದ ಕನ್ನಡ. ಒಳಗೆ ಇಂಗ್ಲಿಷಿನವರ ಅಕ್ಷರಗಳೇ, ಮೇಲಿನಿಂದ ಕನ್ನಡ ಫಾಂಟಿನ ಅಂಗಿ. ಅದಕ್ಕೆ ತಕ್ಕಂತೆ ಯಜಮಾನರು ಬರಹ ತುಂಬುವ ಡಬ್ಬಿಯನ್ನು ಇಂಗ್ಲಿಷಿನ ಅಳತೆಗೆ ಮಾಡಿಟ್ಟಿದ್ದರು. ಮೊಬೈಲ್ ಬಂದ ಮೇಲೆ ಜನ ನಿಜವಾದ ಕನ್ನಡ ಅಕ್ಷರಗಳನ್ನೇ ಒತ್ತತೊಡಗಿದರು. ಆ ಡಬ್ಬಿಗೆ ಅವುಗಳ ಗುರುತು ಸಿಗಲಿಲ್ಲ. ಗುರುತು ಸಿಗದ ಒಂದೊಂದು ಅಕ್ಷರವನ್ನೂ ಎಸೆದು, ಆ ಜಾಗಕ್ಕೊಂದು ಕ್ವೆಶ್ಚನ್ ಮಾರ್ಕ್ ಕೂರಿಸಿತು. ಅಷ್ಟರಲ್ಲಿ ಸೈಟಿಗೆ ಯಾರೂ ಬರೆಯುತ್ತಿರಲಿಲ್ಲವಾದ್ದರಿಂದ ಅವರ ಗಮನಕ್ಕೂ ಬಂದಿರಲಿಲ್ಲ.

ಯಾವ ಅಡ್ರೆಸ್ಸಿನಿಂದ ಬಂದದ್ದೆಂದು ಹುಡುಗಿ ತೆಗೆದು ನೋಡಿದಳು. ಯಾವುದೋ ಮೊಬೈಲ್ ಕಂಪೆನಿಯದ್ದು ಎಂಬಲ್ಲಿಗೆ ಅದು ನಿಂತಿತು. ಕರಾವಳಿಯ ಬಂದರುಗಳಿಗೆಲ್ಲ ಫೋನ್ ಮಾಡಿಸಿದೆವು. ನಾನೇ ಬರೆದದ್ದು ಎಂದು ಯಾರೂ ಹೇಳಲಿಲ್ಲ. ದಯವಿಟ್ಟು ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಮ್ಮೆ ಬರೆಯಿರಿ ಎಂದು ಪೇಜಿನಲ್ಲಿ ದೊಡ್ಡದಾಗಿ ಹಾಕಿದೆವು. ಯಾರೂ ಬರೆಯಲಿಲ್ಲ. ಡಬ್ಬಿಯನ್ನು ಕನ್ನಡದ ಅಳತೆಗೆ ಬದಲಾಯಿಸಬಹುದಿತ್ತಂತೆ. ಆದರೆ ಡಿಸ್ಕ್ ಸಾಯುವ ಸ್ಥಿತಿಯಲ್ಲಿದೆ, ಈಗ ಕೈ ಹಾಕಿದರೆ ಇದ್ದದ್ದೂ ಹೋದೀತು ಎಂದು ಹೆದರಿಸಿ ಹುಡುಗಿ ಅವತ್ತೇ ಬಸ್ಸು ಹತ್ತಿದ್ದಳು.

ಇದನ್ನೆಲ್ಲ ಮೀನಿನವಳಿಗೆ ಹೇಳಿದೆ. ಅವಳು ಹೂಂಗುಟ್ಟಿದಳು. ಆದರೂ ಮುಂದಿನ ಸಲ ಬಂದಾಗ, "ಕೇಂಡವ್ರಿಗೆ ಉತ್ರ ಕೊಡ್ದೆ ಇಪ್ಪುಕಾತ್ತಾ?" ಎಂದು ಕುರ್ಚಿ ಎಳೆದು ಕೂತಳು. ಅವಳು ಹೇಳುತ್ತ ಹೋದಳು, ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಅವಳ ಕನ್ನಡವನ್ನೇ ಟೈಪ್ ಮಾಡುತ್ತ ಹೋದೆ. ಕೋಳಿ ಮುಚ್ಚಿತ್ತ್. ಹೆಣ್ಣ್ ಪಾಸಾಯ್ತ್. ಅತ್ತಿ ಕಾಲ್ ಬಾವು ಇಳ್ದಿಲ್ಲೆ. ಹಂಚ್ ಎರ್ಡ್ ಒಡ್ದಿತ್… ಅವಳು ಎಷ್ಟು ನಂಬಿದ್ದಳೋ, ಎಷ್ಟು ನಂಬಿದ ಹಾಗೆ ಮಾಡುತ್ತಿದ್ದಳೋ, ನಾನು ಕೇಳಲು ಹೋಗಲಿಲ್ಲ. ಗ್ರಾಮರ್ ಕಲಿಸಿದವಳಿಗೆ ಆ ಎರಡು ವಾಕ್ಯಗಳ ಕೊನೆಯ ಫುಲ್‌ಸ್ಟಾಪ್ ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು. ಬರೆದವರು ಪ್ರಶ್ನೆ ಕೇಳಿರಲಿಲ್ಲ, ಏನನ್ನೋ ತಿಳಿಸಿದ್ದರು.

ಒಂದು ದಿನ ಉತ್ತರ ಹೇಳುತ್ತಿದ್ದವಳು ನಡುವೆ ನಿಲ್ಲಿಸಿದಳು. ಸ್ಕ್ರೀನಿಗೆ ಬೆರಳು ಹಚ್ಚಿ ಕೇಳಿದಳು:

"ಟೀಚರಮ್ಮ, ಪ್ರಶ್ನೆ ಆರೆ ಈ ಚುಕ್ಕಿ ಎಂತಕೆ?"

ನಾನು ಕೀಬೋರ್ಡಿನಿಂದ ಕೈ ತೆಗೆದೆ.

"ಚುಕ್ಕಿ ಹಾಕುದ್ ಮುಗ್ದಲ್ಲಿ ಅಲ್ದಾ?"

"ಹೌದು" ಎಂದೆ.

ಅವಳು ಬಹಳ ಹೊತ್ತು ಆ ಎರಡು ಚುಕ್ಕಿಗಳನ್ನೇ ನೋಡಿದಳು. ಕರೆಂಟ್ ಹೋಗಿ ಹಕ್ಕಿ ಕೂಗಿದರೂ ಆ ದಿನ ತಮಾಷೆ ಮಾಡಲಿಲ್ಲ. ಆ ವಾರವೇ ಅವರ ಮನೆಯಲ್ಲಿ ಬೊಜ್ಜಕ್ಕೆ ದಿನ ನೋಡಿದರು.

ಆ ಸರ್ವರ್ ಮುಂದಿನ ಮಳೆಗಾಲದ ಒಂದು ಸಿಡಿಲಿಗೆ ಸುಟ್ಟುಹೋಯಿತು. ಬ್ರಹ್ಮಾವರದ ಹುಡುಗಿ ಡಿಸ್ಕ್ ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದಳು. ಮೀನು ತರಲು ಬೇರೆ ಹೆಂಗಸು ಬರತೊಡಗಿದಳು. ಹಿಂದಿನವಳು ಜ್ವರದಲ್ಲಿ ತೀರಿಕೊಂಡ ಸುದ್ದಿಯನ್ನು, ಬೂತಾಯಿ ಮೀನು ಎಣಿಸಿ ಹಾಕುತ್ತ, ಈ ಹೊಸಬಳೇ ಹೇಳಿದ್ದು. ಮೊನ್ನೆ ಆ ಮೆಡಿಕಲ್ ಶಾಪಿನಲ್ಲಿ ಕೊನೆಗೆ ಕರೆಂಟ್ ಬಂತು. ಡ್ರಾಪ್ಸ್ ತೆಗೆದುಕೊಂಡೆ. ಬೈಂದೂರಿನ ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಮನೆಯಲ್ಲಿ ಈಗ ಕೂಗುವಂಥದ್ದು ಏನೂ ಇಲ್ಲ. ಆ ಕೋಣೆಯಲ್ಲಿ ತೆಂಗಿನಕಾಯಿ ಹಾಕಿದ್ದೇನೆ.

ನಾನು ನಮ್ಮ ಹಳೆಯ ಮೀನಿನವಳನ್ನು ಕೊನೆಯ ಸಲ ನೋಡಿದ್ದು ಬೊಜ್ಜದ ಹಿಂದಿನ ದಿನ. ಬುಟ್ಟಿ ತಂದಿರಲಿಲ್ಲ. ಹಣೆಯ ಮೇಲೆ ಕುಂಕುಮ ಇತ್ತು, ಯಾವತ್ತಿಗಿಂತ ದೊಡ್ಡದಾಗಿ. ಕೈತುಂಬ ಹಸಿರು ಬಳೆ. ತಾನಾಗಿ ಕೋಣೆಗೆ ಹೋಗಿ ಕುರ್ಚಿಯ ಮೇಲೆ ಕೂತಳು.

"ಇವತ್ತ್ ಉತ್ರ ಇಲ್ಲೆ ಟೀಚರಮ್ಮ. ನಂದೂ ಒಂದ್ ಪ್ರಶ್ನೆ ಇತ್ತ್. ಇಷ್ಟ್ ದಿನ ಬರೀ ಅವ್ರೇ ಕೇಂಡದ್ದ್."

ನಾನು ಕೀಬೋರ್ಡ್ ಹತ್ತಿರ ಎಳೆದುಕೊಂಡೆ.

"ಇಂಗ್ಲೀಷ್ ಅಕ್ಷರ ಬ್ಯಾಡ. ಅವ್ರಿಗ್ ಓದುಕೆ ಬತ್ತಿಲ್ಲೆ. ಕನ್ನಡ್ದಂಗೇ ಬರೀರಿ."

"ಕನ್ನಡದಲ್ಲಿ ಬರೆದ್ರೆ ಹಾಗೇ ಆಗ್ತದೆ, ಗೊತ್ತಲ್ಲ ಮಾರಾಯ್ತಿ…"

"ಆಯ್ಲಿ. ಅವ್ರದ್ದ್ ಇಪ್ಪಾಂಗೇ ನಂದೂ ಇರ್ಲಿ."

ಏನು ಕೇಳಬೇಕು ಎಂದೆ. ಅವಳು ಬಳೆಗಳನ್ನು ಮೊಣಕೈಯವರೆಗೆ ಸರಿಸಿಕೊಂಡಳು. ಫೋಟೋವನ್ನೇ ನೋಡುತ್ತ, ಪಕ್ಕದಲ್ಲಿ ಮಲಗಿದವರನ್ನು ಕೇಳುವಷ್ಟು ಮೆಲ್ಲಗೆ ಹೇಳಿದಳು: "ಚಳಿ ಆತ್ತಾ?"

ಟೈಪ್ ಮಾಡಿದೆ. ಕೊನೆಗೊಂದು ಕ್ವೆಶ್ಚನ್ ಮಾರ್ಕ್ ಹಾಕಿದೆ. ಎಂಟರ್ ಒತ್ತುವ ಮೊದಲೇ ಅವಳ ಕೈ ನನ್ನ ಕೈ ಮೇಲೆ ಬಂತು. ಮೀನಿನ ವಾಸನೆಯಿಲ್ಲದ ಅವಳ ಕೈ ಅದೇ ಮೊದಲು.

"ಚುಕ್ಕಿ ಹಾಕ್ಬೇಡಿ ಮತ್ತ್."

ಇಲ್ಲ ಎಂದೆ. ಎಂಟರ್ ಒತ್ತಿದೆ.

??? ??????

ಅವುಗಳಲ್ಲಿ ಕೊನೆಯದೊಂದು ಮಾತ್ರ ನಿಜವಾದ ಕ್ವೆಶ್ಚನ್ ಮಾರ್ಕ್. ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ. ಅವಳು ಮೇಲಿನ ಸಾಲು ನೋಡಿದಳು, ತನ್ನ ಸಾಲು ನೋಡಿದಳು. ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿ, "ಬತ್ತೆ" ಎಂದು ಹೇಳಿ, ಹಿತ್ತಿಲ ಮೆಟ್ಟಿಲು ಇಳಿದು ಕಡಲ ಕಡೆಯ ದಾರಿ ಹಿಡಿದಳು. ಬಳೆಯ ಸದ್ದು ಗೇಟಿನವರೆಗೆ ಕೇಳುತ್ತಿತ್ತು.