ದೋಣಿಯಜ್ಜನಿಗೆ ಗೊತ್ತಿಲ್ಲದ ಸಂಗತಿ

ಬೆಳಗಿನ ಐದೂಕಾಲು. ಹೊಲಿಗೆ ಅಂಗಡಿಯ ಶಟರ್ ಅರ್ಧ ಮಾತ್ರ ಎತ್ತಿದೆ. ಬಗ್ಗಿಯೇ ಒಳಗೆ ಹೋಗಬೇಕು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಝಿಪ್ ಕಿತ್ತ ಪ್ಯಾಂಟುಗಳ ರಾಶಿಗೂ ಗುಂಡಿಗಳ ಡಬ್ಬಿಗೂ ನಡುವೆ ಒಂದು ಹಳೆಯ ಕಂಪ್ಯೂಟರ್. ಅದರ ಮುಂದೆ ಐವತ್ತೆರಡು ವರ್ಷದ ದರ್ಜಿ ಹೆಂಗಸು. ಕೊರಳಲ್ಲಿ ಅಳತೆಯ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ. ಪರದೆಯ ಮೇಲೆ ಮಂಜು ಹೊದ್ದ ಒಂದು ಊರು: ಹೊಳೆ, ಕಲ್ಲಿನ ಕಟ್ಟೆ, ಕಂಬಕ್ಕೆ ಕಟ್ಟಿದ ದೋಣಿ.

"ಇವತ್ತು ಹನ್ನೊಂದು ದೂರು ಬಂದಿದೆ. ಆದ್ರೆ ನಾನು ಮುಟ್ಟೋ ಹಾಗಿಲ್ಲ. ಎಣಿಸಬಹುದು ಅಷ್ಟೆ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನ್ನೊಡನೆ. "ನನ್ನ ಬೀಗದಕೈ ಕಿತ್ಕೊಂಡಿದಾರೆ. ಅಲ್ಲ, ನಾನೇ ಕೊಟ್ಟೆ."

ಇದು ಇಂಟರ್ನೆಟ್ಟಿನೊಳಗೆ ಮಾತ್ರ ಇರುವ ಊರು. ಮುನ್ನೂರ ನಲವತ್ತು ಮಂದಿ ಬೇರೆ ಬೇರೆ ದೇಶಗಳಿಂದ ಬಂದು ಇಲ್ಲಿ ಒಂದೊಂದು ವೇಷ ತೊಡುತ್ತಾರೆ: ಕಮ್ಮಾರ, ಕಳ್ಳ, ಕಾವಲುಗಾರ. ಗೆಲ್ಲುವುದು ಸೋಲುವುದು ಏನೂ ಇಲ್ಲ. ಮಾತು ಟೈಪ್ ಮಾಡುತ್ತ ಕಥೆಯೊಳಗೆ ಬದುಕುವುದೇ ಆಟ. ನಮ್ಮ ದರ್ಜಿ ಇಲ್ಲಿ ಗಡ್ಡದ ಮುದುಕ, ದೋಣಿಯಜ್ಜ. ಆ ಗಡ್ಡದ ಹಿಂದೆ ಸೂಜಿಗೆ ದಾರ ಪೋಣಿಸುವ ಹೆಂಗಸಿದ್ದಾಳೆಂದು ಬಹಳ ಜನಕ್ಕೆ ಗೊತ್ತಿಲ್ಲ.

ಊರೆಂದ ಮೇಲೆ ಜಗಳ ಇರುತ್ತದೆ. ಅದನ್ನು ಬಿಡಿಸಲು ಏಳು ಜನ 'ಬೀಗದವರು' ಇದ್ದಾರೆ. ಯಾರಿಗೂ ಸಂಬಳವಿಲ್ಲ. ಬೀಗದಕೈ ಇದ್ದವರು ಯಾರ ಕಣ್ಣಿಗೂ ಬೀಳದೆ ಊರು ಸುತ್ತಬಹುದು, ಯಾರ ಪತ್ರವನ್ನಾದರೂ ತೆರೆದು ಓದಬಹುದು, ಯಾರನ್ನಾದರೂ ಊರಾಚೆ ಹಾಕಬಹುದು. ನನ್ನ ಅಜ್ಜಿಯ ಕಥೆಗಳಲ್ಲಿ ಏಳು ಸಮುದ್ರದಾಚೆ ಪಂಜರದ ಗಿಳಿಯನ್ನು ಕಾಯುವವನೊಬ್ಬ ಇರುತ್ತಿದ್ದ. ಅವನು ಉಂಡನೇ, ಮಲಗಿದನೇ ಎಂದು ಕಥೆ ಒಮ್ಮೆಯೂ ಕೇಳುತ್ತಿರಲಿಲ್ಲ. ಈ ಅಂಗಡಿಯಲ್ಲಿ ಕುಳಿತಾಗ ಅವನ ನೆನಪಾಗುತ್ತದೆ.

ಐದು ವರ್ಷದ ಹಿಂದೆ ಕಾಲು ಮುರಿದುಕೊಂಡು ಮಲಗಿದ್ದ ಮಗಳು ಬೇಸರ ಕಳೆಯಲು ಅಮ್ಮನಿಗೆ ಈ ಆಟ ಕಲಿಸಿದಳು. ಕಾಲು ಕೂಡಿತು, ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಸೇರಿ ಆಟ ಮರೆತಳು. ಅಮ್ಮ ಮರೆಯಲಿಲ್ಲ. ದಿನಾ ಬೆಳಿಗ್ಗೆ ಎರಡು ಗಂಟೆ ದೂರು ಓದುವುದು, ಎರಡೂ ಕಡೆಯವರ ಮಾತು ಕೇಳುವುದು, ಅದಾದ ಮೇಲೆ ತೀರ್ಪು ಬರೆಯುವುದು. ಏಳೂವರೆಗೆ ಶಟರ್ ಪೂರ್ತಿ ಮೇಲೆ. ಆಮೇಲೆ ದಿನವಿಡೀ ಇಪ್ಪತ್ತು ಇಪ್ಪತ್ತೈದು ಬಟ್ಟೆಗಳ ಆಲ್ಟರೇಷನ್. ಕತ್ತು ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ. ಶಿಕ್ಷೆಯಾದವರು ಬಾಯಿಗೆ ಬಂದಂತೆ ಬೈದು ಬರೆಯುತ್ತಾರೆ.

"ಬೈದ್ರೆ ಬೈಲಿ. ನಾವು ತಿರುಗಿ ಬೈಯೋ ಹಾಗಿಲ್ಲ, ಅದು ನಿಯಮ. ಬಿಗಿಯಾಗಿದೆ ಅಂತ ಪ್ಯಾಂಟ್ ವಾಪಸ್ ತಂದು ಎಸೆಯೋರ ಹತ್ರ ಜಗಳ ಆಡ್ತೀನಾ? ಕೂತು ಹೊಲಿಗೆ ಬಿಚ್ತೀನಿ. ಹೊಲಿಯೋದಕ್ಕಿಂತ ಬಿಚ್ಚೋದು ನಿಧಾನದ ಕೆಲಸ ಕಣಮ್ಮಾ."

ಒಮ್ಮೆ ತಂಗಿಯ ಮಗನ ಮೇಲೆಯೇ ದೂರು ಬಂತು. ನಮ್ಮವರ ಜಗಳ ನಾವು ನೋಡುವಂತಿಲ್ಲ ಎಂದು ಕಡತವನ್ನು ಬೇರೆಯವರಿಗೆ ದಾಟಿಸಿದರು. ತಂಗಿ ಎರಡು ತಿಂಗಳು ಮಾತು ಬಿಟ್ಟಳು.

ಇಷ್ಟು ಕಟ್ಟುನಿಟ್ಟಿನವರು ತಪ್ಪಿದ್ದು ಅಕ್ಕರೆಯಿಂದ. ರೊಟ್ಟಿ ಮಾರುವವಳ ವೇಷದ ಹುಡುಗಿಯೊಬ್ಬಳು ಮೂರು ತಿಂಗಳಿಂದ ಗುಟ್ಟಾಗಿ ಒಂದು ಕಥೆ ಹೆಣೆಯುತ್ತಿದ್ದಳು: ಒಂದು ದಿನ ರೊಟ್ಟಿಯವಳು ಯಾರಿಗೂ ಹೇಳದೆ ಹೊಳೆ ದಾಟಿ ಊರು ಬಿಡುತ್ತಾಳೆ. ಬೇರಾವುದೋ ದೂರಿಗಾಗಿ ಪತ್ರಗಳನ್ನು ಓದುವಾಗ ಅದು ದರ್ಜಿಯ ಕಣ್ಣಿಗೆ ಬಿತ್ತು. ಬೀಗದವರಾಗಿ ಓದಿದ್ದನ್ನು ಆಟದೊಳಗೆ ಬಾಯಿಬಿಡಬಾರದು. ಅದು ಎಲ್ಲಕ್ಕಿಂತ ದೊಡ್ಡ ನಿಯಮ. ಆದರೆ ಊರು ಬಿಡುವ ಆ ದಿನ ರೊಟ್ಟಿಯವಳು ದೋಣಿ ಹತ್ತಿದಾಗ ದೋಣಿಯಜ್ಜ ಎಲ್ಲರೆದುರು ಅಂದುಬಿಟ್ಟ: "ಇನ್ನು ನಿನ್ನ ಮುಖ ಕಾಣಲ್ಲ ಅಲ್ವಾ ಮಗಳೇ?"

"ಕಣ್ಣು ತುಂಬಿ ಬಂದಿತ್ತು. ಕೈ ತಾನಾಗೇ ಟೈಪ್ ಮಾಡ್ತು. ಆ ಹುಡುಗಿ ತಕ್ಷಣ ಆಟದಿಂದ ಆಚೆ ಹೋದ್ಲು."

ಯಾರೂ ದೂರು ಕೊಡುವ ಮೊದಲೇ ಅವರು ತಮ್ಮ ಮೇಲೆ ತಾವೇ ದೂರು ಬರೆದರು. ಬೀಗದವರ ಹಿರಿಯ, ಎಂದೂ ಮುಖ ಕಾಣದ ಒಬ್ಬ ಶಾಲಾ ಮಾಸ್ತರು, ಮೂವತ್ತು ದಿನ ಬೀಗದಕೈ ತೆಗೆದಿಟ್ಟರು. ಜೊತೆಗೆ ಊರಿನ ಒಂದು ಪದ್ಧತಿಯನ್ನು ನೆನಪಿಸಿದರು: ಆ ಗಳಿಗೆಯಲ್ಲಿ ದೋಣಿಯಲ್ಲಿದ್ದ ಆರೂ ಪ್ರಯಾಣಿಕರು ಈ ಮೂವತ್ತು ದಿನದೊಳಗೆ ಒಪ್ಪಿದರೆ ಆ ಮಾತು ನಡೆದೇ ಇಲ್ಲವೆಂದು ಎಲ್ಲರೂ ಮರೆಯಬಹುದು. ಒಬ್ಬರು ಒಪ್ಪದಿದ್ದರೂ ಮೂರು ತಿಂಗಳ ಕಥೆ ಹೊಳೆಪಾಲು. ಹಾಗಾದರೆ ಮತ್ತೆ ಬರುವುದಿಲ್ಲವೆಂದು ಹುಡುಗಿ ತಿಳಿಸಿದ್ದಾಳೆ. ಅವಳೂ ಸೇರಿ ಐವರು ಒಪ್ಪಿದ್ದಾರೆ. ಆರನೆಯವನು ಕಾವಲುಗಾರನ ವೇಷದವನು, ಉತ್ತರವಿಲ್ಲ. ತಪ್ಪು ಮಾಡಿದವರು ತಾವೇ ಹೋಗಿ ಗೋಗರೆಯುವಂತಿಲ್ಲ. ಇಂದು ಮೂವತ್ತನೆಯ ದಿನ.

ಬಸ್ ಓಡಿಸುವ ಗಂಡ ಊಟದ ಡಬ್ಬಿ ಹಿಡಿದು ಶಟರಿನ ಕೆಳಗೆ ಇಣುಕುತ್ತಾರೆ. "ಏನಜ್ಜಾ, ಕಾವಲುಗಾರ ಬಾಯಿ ಬಿಟ್ನಾ?"

"ಇಲ್ಲ. ನೀವು ಹೊರಡಿ, ಬಸ್ಸು ನಿಮ್ಮನ್ನ ಬಿಟ್ಟು ಹೋದೀತು."

"ಹೋದ್ರೆ ನಿನ್ನ ದೋಣಿ ಇದೆಯಲ್ಲ," ಎಂದು ನಕ್ಕು ಹೋಗುತ್ತಾರೆ. ನಿನ್ನೆ ರಾತ್ರಿ ಇವಳು ಊಟ ಬಿಟ್ಟಳೆಂದು, ನಾನು ಬಂದಾಗ ಹೊರಗೆ ನನ್ನ ಕಿವಿಯಲ್ಲಿ ಹೇಳಿದವರೂ ಇವರೇ.

ಆರೂ ನಲವತ್ತಕ್ಕೆ ಕಂಪ್ಯೂಟರ್ ಟಿಣ್ ಎನ್ನುತ್ತದೆ. ಕಾವಲುಗಾರನ ಉತ್ತರ, ಎರಡೇ ಸಾಲು: "ಅಪ್ಪನ ಜೊತೆ ಆಸ್ಪತ್ರೇಲಿದ್ದೆ, ಈಗ ನೋಡಿದೆ. ಹುಟ್ಟು ಹಾಕೋ ಸದ್ದಲ್ಲಿ ಅವತ್ತು ನನಗೇನೂ ಕೇಳಿಸಲಿಲ್ಲ ಅಜ್ಜ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. ಬಹಳ ಹೊತ್ತು ಒರೆಸುತ್ತಾರೆ. ಏಳಕ್ಕೆ ಹಿರಿಯರು ಬೀಗದಕೈ ಹಿಂದಿರುಗಿಸುತ್ತಾರೆ. ಹೆಸರಿನ ಪಕ್ಕ, ಬೀಗದಕೈ ಕೈಯಲ್ಲಿದೆ ಎಂದು ತೋರಿಸುವ ಹಸಿರು ಚುಕ್ಕಿ ಮೂಡುತ್ತದೆ. ಅವರು ಮೊದಲು ಮಾಡುವ ಕೆಲಸ ಆ ಚುಕ್ಕಿಯನ್ನು ಆರಿಸುವುದು. ದೋಣಿ ಹತ್ತುವಾಗ ಬೀಗದಕೈ ದಡದಲ್ಲಿರಬೇಕು.

"ನನಗೆ ಪದಕ ಗಿದಕ ಏನೂ ಬೇಡಮ್ಮ. ಅವಳು ಅಂದ್ಕೊಂಡ ಹಾಗೇ ಹೊಳೆ ದಾಟ್ಲಿ, ಅಷ್ಟು ಸಾಕು."

ಮಂಜಿನಿಂದ ಒಂದು ಬುಟ್ಟಿ ಮೊದಲು ಕಾಣುತ್ತದೆ, ಅದರ ಹಿಂದೆ ರೊಟ್ಟಿಯವಳು. ಹುಡುಗಿ ಇರುವ ಕಡೆ ಈಗ ಸಂಜೆಯಂತೆ. ಕಟ್ಟೆಯ ಮೇಲೆ ನಿಂತು ಕೇಳುತ್ತಾಳೆ: "ಅಜ್ಜ, ದಾಟಿಸ್ತೀಯಾ?"

ದರ್ಜಿ ಟೈಪ್ ಮಾಡುತ್ತಾರೆ: "ಎತ್ತ ಕಡೆ ಹೊರಟೆ ಮಗಳೇ?"

"ಆಚೆ ದಡದ ಸಂತೆಗೆ. ಕತ್ತಲಾಗೋದ್ರೊಳಗೆ ಬರ್ತೀನಿ."

"ಆಗಲಿ. ದೋಣಿ ಇಲ್ಲೇ ಇರುತ್ತೆ."

ದೋಣಿ ಅಲುಗುತ್ತದೆ. ಏಳೂವರೆಯಾಗಿ ಐದು ನಿಮಿಷ ಕಳೆದಿದೆ. ಹೊರಗೆ ಯಾರೋ ಶಟರ್ ಬಡಿಯುತ್ತಿದ್ದಾರೆ. ಅವರು ಏಳುವುದಿಲ್ಲ.

"ಅವಳು ಬರಲ್ಲ," ಎನ್ನುತ್ತಾರೆ ನನ್ನ ಕಡೆ ತಿರುಗದೆ. "ಆದ್ರೆ ಅಜ್ಜನಿಗೆ ಅದು ಗೊತ್ತಿಲ್ಲ."